ನೀಲಿ ಅಂಗಿಯ ತಂಡ

ನನ್ನ ಬಾಯಿಗೆ ಬೀಗವಿಲ್ಲ ಅಂತ ಹೆಂಡತಿ ಜಲಜಾಕ್ಷಿ ಯಾವಾಗಲೂ ಬಯ್ಯುತ್ತಾಳೆ. ಬಾಯಿಯಿಂದಾದ ಅನಾಹುತವಾಗಿದ್ದರೆ ಕೈಮುಗಿದು ಮುಗಿಸಬಹುದಿತ್ತು. ಇದು ಒಳ್ಳೆಯದು ಮಾಡಲು ಹೋಗಿ ಆದದ್ದು.

ಕೊಲ್ಲಿ ದೇಶದ ಮುಸಫ್ಫಾದ ವರ್ಕ್‌ಶಾಪಿನಲ್ಲಿ ನಾನು ಸ್ಟೋರ್ ಕೀಪರ್. ಗೇಟಿನ ವಾಚ್‌ಮನ್ ಎಸೆನ್ ಕಿರ್ಗಿಸ್ತಾನದವರು. ಊರಲ್ಲಿ ಹೆಡ್‌ಮಾಸ್ಟರಾಗಿದ್ದವರಾದ್ದರಿಂದ ನಾವೆಲ್ಲ ಮಾಸ್ಟ್ರು ಎಂದೇ ಕರೆಯುತ್ತಿದ್ದೆವು. ಒಬ್ಬನೇ ಮಗ ಗಲಭೆಯಲ್ಲಿ ತೀರಿಕೊಂಡ ಎಂಬಷ್ಟು ನನಗೆ ಗೊತ್ತಿತ್ತು. ರಜೆಯ ದಿನ ಅವರು ಕೆಲಸಗಾರರ ಕ್ಯಾಂಪಿನ ರೂಮಿನಿಂದ ಹೊರಗೇ ಬರುತ್ತಿರಲಿಲ್ಲ. ಈ ಮನುಷ್ಯನನ್ನು ಒಮ್ಮೆಯಾದರೂ ನಗಿಸಬೇಕೆಂಬುದು ನನ್ನ ಹಟವಾಗಿತ್ತು.

ಆ ತಿಂಗಳು, ಗ್ರೀಸ್ ಒರೆಸಲು ತರಿಸುವ ಹಳೆಬಟ್ಟೆಯ ಮೂಟೆ ಬಿಚ್ಚಿದರೆ ಒಳಗೆ ಮಡಿಕೆಯೂ ಮುರಿಯದ ನೀಲಿ ಟೀ ಶರ್ಟುಗಳು. ಎದೆಯ ಮೇಲೆ ಬಿಳಿ ಗಿಡುಗ, ಕೆಳಗೆ ನಮಗೆ ಓದಲಾಗದ ಅಕ್ಷರ. ಮಾಸ್ಟ್ರು ಒಂದನ್ನು ಎತ್ತಿಕೊಂಡು ಗಿಡುಗದ ಮೇಲೆ ಬೆರಳಾಡಿಸಿದರು.

"ನಮ್ಮ ಪಕ್ಷ," ಎಂದರು ತಮ್ಮ ಮುರುಕು ಹಿಂದಿಯಲ್ಲಿ. "ಮೊದಲು ನಾಲ್ಕು ಜನ ಇದ್ದರು. ಆಮೇಲೆ ಇಡೀ ದೇಶವನ್ನೇ ಆಳಿದರು. ಶಾಲೆಗೆ ಹೊಸ ಮಾಡು ಹಾಕಿಸಿದರು. ಅದಕ್ಕೇ ಮೇಷ್ಟ್ರುಗಳನ್ನೆಲ್ಲ ನಾನೇ ಪಕ್ಷಕ್ಕೆ ಸೇರಿಸಿದೆ, ಅಂಗಿ ನಾನೇ ಹಂಚಿದೆ. ಕೊನೆಗೆ ಚುನಾವಣೆಯಲ್ಲಿ ಮೋಸ ಮಾಡಿದರು, ಜನ ಎದ್ದರು. ಒಂದೇ ದಿನದಲ್ಲಿ ಖಲಾಸ್."

"ನಮ್ಮಲ್ಲಿ ಪಕ್ಷ ಬಿದ್ದರೆ ಟೋಪಿ ಬದಲಿಸ್ತಾರೆ, ನಿಮ್ಮಲ್ಲಿ ಅಂಗಿಯನ್ನೇ ಬಿಸಾಡಿದ್ದಾರಲ್ಲ ಮಾಸ್ಟ್ರೇ!" ಎಂದು ತಮಾಷೆ ಮಾಡಿದೆ. ಅವರು ಅಂಗಿಯನ್ನು ಮೆಲ್ಲಗೆ ಮಡಿಸಿ ಮೂಟೆಯಲ್ಲಿಟ್ಟರು. ಅದನ್ನು ನಾನು ಅಭಿಮಾನವೆಂದು ತಿಳಿದೆ.

"ಟೂರ್ನಮೆಂಟಿಗೆ ಜೆರ್ಸಿ ಬೇಕಲ್ಲ ಪೂವಪ್ಪಣ್ಣ, ಇದೇ ಉಂಟಲ್ಲ!" ಎಂದ, ಮಾಸ್ಟ್ರು ಗೇಟಿಗೆ ಮರಳಿದ ಮೇಲೆ, ನಮ್ಮ ಕ್ರಿಕೆಟ್ ತಂಡದ ಕ್ಯಾಪ್ಟನ್ ಝಹೀರ್. ನಮ್ಮ ಕರಾವಳಿಯವರು ಪರದೇಶದಲ್ಲೂ ಒಂದೇ ಬಣ್ಣದ ಅಂಗಿಯಿಲ್ಲದೆ ಬ್ಯಾಟು ಮುಟ್ಟುವವರಲ್ಲ. ನಾನು ಹನ್ನೊಂದು ಆರಿಸಿ, ಒಗೆಸಿ, ಇಸ್ತ್ರಿ ಹಾಕಿಸಿದೆ.

"ಮಾಸ್ಟ್ರಿಗೆ ಹೇಳ್ಬೇಡ ಮಾರಾಯಾ. ಅವರ ಕೈಯಲ್ಲೇ ಟಾಸ್ ಹಾಕಿಸುವ. ಎಷ್ಟು ಖುಷಿ ಆಗ್ತದೆ ನೋಡು," ಎಂದೆ.

ಭಾನುವಾರ ಬೆಳಿಗ್ಗೆ ಮಾಸ್ಟ್ರನ್ನು ಕಾಡಿಬೇಡಿ ಕ್ಯಾಂಪಿನ ಹಿಂದಿನ ಮರಳು ಮೈದಾನಕ್ಕೆ ಕರೆತಂದೆ. ಕಂಪೆನಿ ಬಸ್ಸಿನ ಮರೆಯಿಂದ ಹನ್ನೊಂದು ಮಂದಿ ಕೇಕೆ ಹಾಕುತ್ತಾ ಓಡಿಬಂದರು.

ಮಾಸ್ಟ್ರು ನಗಲಿಲ್ಲ. ಎರಡೂ ಕೈ ಚಾಚಿ ಅವರಿಗೆ ಅಡ್ಡ ಓಡಿದರು. ಮುಂದಿದ್ದ ಝಹೀರನನ್ನು ಹಿಡಿದು ಅಂಗಿಯನ್ನು ಮೇಲಕ್ಕೆಳೆಯತೊಡಗಿದರು.

"ತೆಗಿ! ಹೊರಗೆ ಜನ ಇದ್ದಾರೆ, ಹೊಡೀತಾರೆ! ತೆಗಿ, ಮಗನೇ!"

ಝಹೀರ್ ಬೆದರಿ ಅಂಗಿ ಕಳಚಿದ. ಉಳಿದವರೂ ಕಳಚಿದರು. ಮಾಸ್ಟ್ರು ಮರಳಿನಲ್ಲಿ ಕುಸಿದು ಕೂತು, ತಡೆತಡೆದು ಹೇಳಿದರು. ಪಕ್ಷ ಬಿದ್ದ ಆ ದಿನ ಮಗ ರೊಟ್ಟಿ ತರಲು ಹೊರಟಿದ್ದನಂತೆ. ಅವನಿಗೆ ಯಾವ ಪಕ್ಷವೂ ಬೇಕಿರಲಿಲ್ಲ. ಒಗೆದ ಬಟ್ಟೆ ಒಣಗಿರಲಿಲ್ಲವೆಂದು, ಹಂಚಿ ಉಳಿದ ರಾಶಿಯಿಂದ ನೀಲಿ ಅಂಗಿಯೊಂದನ್ನು ಅಪ್ಪನೇ ಎತ್ತಿ ಕೊಟ್ಟಿದ್ದರು. ಬೀದಿಯ ಕೊನೆಯಲ್ಲಿ ಸಿಟ್ಟಿಗೆದ್ದ ಜನ ಅವನ ಎದೆಯ ಗಿಡುಗವನ್ನು ನೋಡಿಬಿಟ್ಟರು.

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. "ತಪ್ಪಾಯ್ತು ಮಾಸ್ಟ್ರೇ," ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಬರಿಮೈಯಲ್ಲಿ ನಿಂತವರನ್ನು, ಶಾಲೆಯ ಸಾಲಿನಲ್ಲಿ ಎಣಿಸುವ ಹಾಗೆ, ಒಬ್ಬೊಬ್ಬರನ್ನಾಗಿ ಬೆರಳು ತೋರಿಸಿ ಎಣಿಸಿದರು. ಹನ್ನೊಂದು ಮಂದಿಯೂ ಇದ್ದಾರೆಂದು ಖಚಿತವಾದ ಮೇಲೆ,

"ಈಗ ಮನೆಗೆ ಹೋಗಿ," ಎಂದರು.