ಒಳಗೆ ಕಾಲಿಡದವನು

ನನ್ನ ಗಂಡ ರಾಯ್ಸ್ ಮರ ಕೊಯ್ಯುವ ಗಿರಣಿಯಲ್ಲಿ ಬೆನ್ನು ಮುರಿದುಕೊಂಡು ಮಲಗಿದಾಗ ಅವನನ್ನು ಮಗುವಿನಂತೆ ಎತ್ತಿ ಸ್ನಾನ ಮಾಡಿಸಿದವನು ನನ್ನ ತಮ್ಮ ಎಲ್ವಿನ್. ಅಮ್ಮ ತೀರಿದ ಮೇಲೆ ಅವನು ನಮ್ಮ ಜೊತೆಗೇ ಇದ್ದ. ಫ್ಲೋರಿಡಾದ ಉತ್ತರದಂಚಿನ ನಮ್ಮೂರಲ್ಲಿ ಅವನ ಬಗ್ಗೆ ಕೆಟ್ಟ ಮಾತಾಡಿದವರಿಲ್ಲ.

ರಾಯ್ಸ್‌ನ ಬೆನ್ನು ವಾಸಿಯಾಯಿತು. ನೋವಿನ ಮಾತ್ರೆಯ ಚಟ ವಾಸಿಯಾಗಲಿಲ್ಲ. ಡಾಕ್ಟರು ಚೀಟಿ ಬರೆದುಕೊಡುವುದನ್ನು ನಿಲ್ಲಿಸಿದ ವಾರ, ಒಂದು ಮಧ್ಯಾಹ್ನ, ಅವನು ಎಲ್ವಿನ್‌ನ ಟ್ರಕ್ಕು ಹತ್ತಿ ಕೂತ.

"ಔಷಧಿ ಅಂಗಡಿಗೆ ಬಿಡೋ. ಆ ಮುದುಕ ಗಿಲ್ಬರ್ಟ್‌ನ ಹೆದರಿಸಿ ಮಾತ್ರೆ ಕಿತ್ಕೊಂಡು ಬರ್ತೀನಿ."

"ಬೇಡ ಭಾವ, ತಪ್ಪಾಗುತ್ತೆ."

"ನಿನ್ನನ್ನ ಒಳಗೆ ಬಾ ಅಂದೆನಾ? ಸ್ಟೇರಿಂಗ್ ಹಿಡ್ಕೊಂಡು ಕೂತಿರು, ಸಾಕು. ನನ್ನ ಕೈ ನಡುಗ್ತಿರೋದು ನೋಡು."

ಎಲ್ವಿನ್ ನೋಡಿದ. ಕರೆದುಕೊಂಡು ಹೋದ. ಭಾವನ ಸೊಂಟದಲ್ಲಿ ಪಿಸ್ತೂಲಿದೆಯೆಂದು ಅವನಿಗೆ ತಿಳಿದದ್ದು ಒಳಗಿನಿಂದ ಗುಂಡಿನ ಸದ್ದು ಬಂದಾಗಲೇ. ಗಿಲ್ಬರ್ಟ್ ಕೌಂಟರಿನ ಹಿಂದೆ ಸತ್ತುಬಿದ್ದಿದ್ದರು. ಅರ್ಧ ಗಂಟೆಯಲ್ಲಿ ರಾಯ್ಸ್ ಸಿಕ್ಕಿಬಿದ್ದ. ಎಲ್ವಿನ್ ಅವನಿಗೆ ಕಾಯದೆ ಮನೆಗೆ ಓಡಿಬಂದು ನನಗೆ ಎಲ್ಲ ಹೇಳಿದ.

"ಅಕ್ಕ, ನಾನು ಅಂಗಡಿ ಒಳಗೆ ಕಾಲೂ ಇಟ್ಟಿಲ್ಲ."

"ಹಾಗಾದ್ರೆ ಭಯ ಯಾಕೆ? ನಡಿ ಪೊಲೀಸರ ಹತ್ರ. ಇದ್ದದ್ದು ಇದ್ದ ಹಾಗೆ ಹೇಳ್ಬಿಡು."

ನಾನೇ ಕರೆದುಕೊಂಡು ಹೋದೆ. ತನಿಖೆಯವನು ಅವನಿಗೆ ಕಾಫಿ ಕೊಟ್ಟು, "ನೀನು ಒಳ್ಳೆಯವನು ಕಣಯ್ಯಾ, ಹೇಳ್ಬಿಡು, ಎದೆ ಹಗುರ ಆಗುತ್ತೆ" ಎಂದನಂತೆ. ವಕೀಲರು ಬೇಡವೆಂದು ಎಲ್ವಿನ್ ಸಹಿ ಹಾಕಿಕೊಟ್ಟು ಎಲ್ಲವನ್ನೂ ಹೇಳಿದ. ಮತ್ತೆ ಮನೆಗೆ ಬರಲಿಲ್ಲ.

ಎಲ್ವಿನ್ ಪರ ವಾದಿಸಲು ಸರ್ಕಾರ ನೇಮಿಸಿದ ವಕೀಲೆ ಹ್ಯಾಚ್ ಆ ಹೇಳಿಕೆ ಓದಿ ಕನ್ನಡಕ ತೆಗೆದಿಟ್ಟರು.

"ದರೋಡೆಗೆ ಅಂತ ಗೊತ್ತಿದ್ದೂ ಗಾಡಿ ಓಡಿಸಿದೆ ಅಂತ ಅವನೇ ಹೇಳಿದಾನೆ. ದರೋಡೆ ಮಾಡುವಾಗ ಒಂದು ಜೀವ ಹೋದ್ರೆ, ಅದರಲ್ಲಿ ಸೇರಿದವರೆಲ್ಲ ಕೊಲೆಗಾರರೇ. ಗುಂಡು ಯಾರು ಹೊಡೆದ್ರು ಅನ್ನೋದು ಕಾನೂನಿಗೆ ಬೇಕಿಲ್ಲ ಮಾರ್ಲೀನ್."

"ಪಿಸ್ತೂಲು ಇರೋದೇ ಅವನಿಗೆ ಗೊತ್ತಿರ್ಲಿಲ್ವಲ್ಲ!"

"ಅದೂ ಬೇಕಿಲ್ಲ."

ಆದರೂ ನನಗೆ ರಾಯ್ಸ್ ಮೇಲೆ ನಂಬಿಕೆಯಿತ್ತು. ಜೈಲಿನ ಗಾಜಿಗೆ ಅಂಗೈ ಒತ್ತಿ ಹೇಳಿದ್ದ: "ನಿನ್ನ ತಮ್ಮನ ಕೂದಲೂ ಕೊಂಕದ ಹಾಗೆ ನೋಡ್ಕೋತೀನಿ ಕಣೇ."

ನಾಲ್ಕು ತಿಂಗಳಲ್ಲಿ ಅವನು ಸರ್ಕಾರಿ ವಕೀಲರ ಜೊತೆ ಒಪ್ಪಂದ ಮಾಡಿಕೊಂಡ. ಎಲ್ವಿನ್ ವಿರುದ್ಧ ಸಾಕ್ಷಿ ಹೇಳಿದರೆ ಕಡಿಮೆ ದರ್ಜೆಯ ಕೊಲೆ, ಇಪ್ಪತ್ತೈದು ವರ್ಷ. ಕಟಕಟೆಯಲ್ಲಿ ನಿಂತು, "ನಾನು ಯಾತಕ್ಕೆ ಹೋಗ್ತಿದ್ದೀನಿ ಅಂತ ಎಲ್ವಿನ್‌ಗೆ ಗೊತ್ತಿತ್ತು" ಎಂದ.

"ಗುಂಡು ಹೊಡೆದವರು ಯಾರು?" ಹ್ಯಾಚ್ ಕೇಳಿದರು.

"ನಾನು," ಎಂದ, ಹೊತ್ತೆಷ್ಟಾಯಿತು ಎಂದು ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ.

ಒಂದು ಸುಳ್ಳೂ ಹೇಳಲಿಲ್ಲ ಅವನು. ಹೇಳಿದ್ದರೆ ಹಿಡಿಯಬಹುದಿತ್ತು. ಹನ್ನೆರಡು ಮಂದಿ ಜ್ಯೂರಿಗಳು ಊಟದ ಹೊತ್ತಿಗೆ ತೀರ್ಮಾನ ಮುಗಿಸಿದರು. ಗುಂಡು ಹೊಡೆದವನು ಮುದುಕನಾಗಿಯಾದರೂ ಹೊರಗೆ ಬರುತ್ತಾನೆ. ಟ್ರಕ್ಕಿನಲ್ಲಿ ಕೂತಿದ್ದವನು ಸಾಯುವವರೆಗೂ ಒಳಗೆ. ಕೈಕೋಳ ಹಾಕುವಾಗ ಎಲ್ವಿನ್ ರಾಯ್ಸ್‌ನತ್ತ ತಿರುಗಲಿಲ್ಲ. ನನ್ನನ್ನೇ ನೋಡಿದ.

ನಾನು ವಿಚ್ಛೇದನ ಪಡೆದೆ. ರಾಯ್ಸ್‌ನ ಕಾಗದಗಳನ್ನು ಒಡೆಯದೆ ವಾಪಸು ಕಳಿಸಿದೆ. ಆದರೆ ಎಲ್ವಿನ್ ಕೂಡ ಒಂದು ವರ್ಷ ನನ್ನನ್ನು ನೋಡಲು ಒಪ್ಪಲಿಲ್ಲ. ತಿಂಗಳಿಗೊಮ್ಮೆ ಮೂರು ಗಂಟೆ ಗಾಡಿ ಓಡಿಸಿಕೊಂಡು ಹೋಗಿ, ಹೆಸರು ಬರೆಸಿ, ಕಾದು ಬರುತ್ತಿದ್ದೆ.

ಹದಿಮೂರನೆಯ ಸಲ ಬಂದು ಎದುರು ಕೂತ. ತೆಳ್ಳಗಾಗಿದ್ದ.

"ಇಲ್ಲಿ ಯಾರಾದ್ರೂ ಕೇಳಿದ್ರೆ ಕೊಲೆ ಮಾಡಿದೀನಿ ಅಂತ್ಲೇ ಹೇಳ್ತೀನಕ್ಕ," ಎಂದ. "ನಿಜ ಹೇಳಿದ್ರೆ ನಗ್ತಾರೆ."

ಅಲ್ಲಿನ ನಾಣ್ಯ ಹಾಕುವ ಯಂತ್ರದಿಂದ ನಾನು ತಂದಿದ್ದ ತಣ್ಣನೆ ಸ್ಯಾಂಡ್‌ವಿಚ್ಚನ್ನು ಅವನು ಎರಡು ತುಂಡು ಮಾಡಿ, ದೊಡ್ಡದನ್ನು ನನ್ನ ಕಡೆ ತಳ್ಳಿದ.