ನರಕ್ಕೂ ಗಡ್ಡಕ್ಕೂ ಪಂದ್ಯ

ನಮ್ಮವರ ಕ್ಷೌರದಂಗಡಿಯ ಕನ್ನಡಿ ಒಡೆದು ಅವರ ಬಲ ಅಂಗೈ ಸೀಳಿದಾಗ ತೋರುಬೆರಳಿಗೆ ಹೋಗುವ ನರಗಳೂ ತುಂಡಾದವು. ಡಾಕ್ಟರಮ್ಮ ನಮ್ಮವರ ಕಾಲಿನಿಂದಲೇ ಒಂದಿಷ್ಟು ನರ ತೆಗೆದು ಆ ಜಾಗಕ್ಕೆ ಕಸಿ ಮಾಡಿದರು.

"ಇದರೊಳಗೆ ಹೊಸ ಎಳೆ ಬೆಳೀಬೇಕು. ದಿನಕ್ಕೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ತಾಳ್ಮೆ ಬೇಕು," ಅಂದರು.

ಪಕ್ಕದಲ್ಲಿದ್ದ ನಮ್ಮಪ್ಪ ಗಲ್ಲ ಸವರಿಕೊಂಡರು. "ಹಾಗಾದ್ರೆ ಅಳಿಯಂದ್ರೇ, ಇವತ್ತಿಂದ ನಿಮ್ಮ ನರಕ್ಕೂ ನನ್ನ ಗಡ್ಡಕ್ಕೂ ಪಂದ್ಯ. ನಿಮ್ಮ ಬೆರಳು ಸರಿಹೋಗೋವರೆಗೂ ಬೇರೆಯವರ ಕತ್ತಿಗೆ ನಾನು ಮುಖ ಕೊಡಲ್ಲ."

"ಸಾಕು ಸುಮ್ಮನಿರಪ್ಪ!" ಎಂದು ರೇಗಿದೆ. ನನ್ನ ಮಾತು ಯಾರು ಕೇಳುತ್ತಾರೆ!

ಏಳು ತಿಂಗಳಲ್ಲಿ ಅಪ್ಪನ ಗಡ್ಡ ನಾಲ್ಕು ಬೆರಳು ಉದ್ದವಾಯಿತು. ಮೀಸೆ ಚಹಾದಲ್ಲಿ ಅದ್ದುತ್ತಿತ್ತು. ಇತ್ತ ನಾನು ದಿನಾ ಬೆಳಿಗ್ಗೆ ನಮ್ಮವರನ್ನು ಕಣ್ಣು ಮುಚ್ಚಿಸಿ ಕೂರಿಸಿ, ಬೆರಳಿಗೆ ಹತ್ತಿ, ಬಾಚಣಿಗೆ, ಬ್ರಷ್ಷು ಮುಟ್ಟಿಸುತ್ತಿದ್ದೆ. ಅಂಗೈಯಲ್ಲಿ ಶುರುವಾದ ಜುಮುಜುಮು ತುದಿಯವರೆಗೂ ಬಂದಿತ್ತು. ಅವರಿಗೆ ಮಾತ್ರ ನಂಬಿಕೆಯಿಲ್ಲ.

"ಹತ್ತಿ ಗೊತ್ತಾದ್ರೆ ಏನು ಬಂತೇ? ನಾನೇನು ಹತ್ತಿ ಬೋಳಿಸ್ತೀನಾ?"

ಕಣ್ಣಿಗೆ ಕಾಣದ ಕೂದಲನ್ನು ಬೆರಳಿಂದ ಹುಡುಕಿ ತೆಗೆಯುವ ಕೈ ಅದು. ಆ ಬೆರಳಿಲ್ಲದೆ ಕತ್ತಿ ಹಿಡಿಯಲ್ಲ ಎಂದು ಹಟ. ಕೊನೆಗೆ, ಬೀದಿ ಕೊನೆಯ ಕ್ಷೌರಿಕನಿಗೆ, "ಸೋಮವಾರ ಬಂದು ನನ್ನ ಕುರ್ಚಿ ತಗೊಂಡು ಹೋಗು" ಎಂದು ಹೇಳಿಬಿಟ್ಟರು. ನನಗೆ ಹೊಟ್ಟೆ ಉರಿದುಹೋಯಿತು. ಇಪ್ಪತ್ತು ವರ್ಷ ಅವರು ಬದುಕಿದ್ದೇ ಆ ಕುರ್ಚಿಯ ಹಿಂದೆ.

ಭಾನುವಾರ ನಾವಿಬ್ಬರೂ ಅಂಗಡಿಯಲ್ಲಿ ಕುರ್ಚಿ ಒರೆಸುತ್ತಿದ್ದೆವು. ಅಪ್ಪ ಒಳಗೆ ಬಂದರು. ಮುಖ ನುಣ್ಣಗೆ! ಗಡ್ಡ ಮಾಯ!

"ತುರಿಕೆ ತಡೆಯೋಕಾಗ್ಲಿಲ್ಲ ಕಣಮ್ಮ," ಎಂದು ತೊದಲಿದರು. "ಮನೇಲಿ ನಾನೇ ಬೋಳಿಸಿಕೊಂಡೆ."

"ಇವತ್ತೇ ಬೇಕಿತ್ತಾ ನಿನಗೆ?" ಎಂದು ಕೂಗಿದೆ.

ನಮ್ಮವರ ಮುಖ ಬಾಡಿತು. "ನೀವೂ ಕೈ ಬಿಟ್ರಾ ಮಾವ?" ಅಂದರು. ಅನ್ನುತ್ತಲೇ ಹಳೇ ಅಭ್ಯಾಸಕ್ಕೆ ಕೈ ಅಪ್ಪನ ದವಡೆಗೆ ಹೋಯಿತು. ತೋರುಬೆರಳು ಕೆಳಗಿಂದ ಮೇಲಕ್ಕೆ ಜಾರಿ, ಕಿವಿಯ ಕೆಳಗೆ ನಿಂತಿತು.

"ಸುಳ್ಳು ಹೇಳ್ಬೇಡಿ ಮಾವ. ಇದು ಬೀದಿ ಕೊನೆಯವನ ಕೆಲಸ. ಇಲ್ಲಿ ಯಾವಾಗಲೂ ಬಿಡ್ತಾನೆ. ಮೂರು ಕೂದಲು ಇದೆ."

ನಾನು ಕನ್ನಡಕ ಹಾಕಿ ಅಪ್ಪನ ಮುಖ ಬೆಳಕಿಗೆ ತಿರುಗಿಸಿ ನೋಡಿದೆ. ಬಿಳಿ ಚರ್ಮದ ಮೇಲೆ ಬಿಳಿ ಕೂದಲು. ಒಂದು, ಎರಡು, ಮೂರು.

ನಮ್ಮವರು ತಮ್ಮ ಬೆರಳನ್ನೇ ನೋಡುತ್ತಿದ್ದರು.

"ಅಯ್ಯೋ, ಅದು ತೋರುಬೆರಳು ಕಣ್ರೀ!" ಅಂದವಳಿಗೆ ಅಳು ತಡೆಯಲಾಗಲಿಲ್ಲ.

"ಕೂತ್ಕೊಳ್ಳಿ ಮಾವ," ಎಂದು ಅವರು ಕತ್ತಿ ತೆಗೆದರು.

ಸೋಮವಾರ ಬೀದಿ ಕೊನೆಯವನು ಗಾಡಿ ತಂದ. ಕುರ್ಚಿಯಲ್ಲಿ ಗಿರಾಕಿ ಕೂತಿದ್ದ, ಬೆಂಚಿನ ಮೇಲೆ ಇನ್ನಿಬ್ಬರು. ಅವನು ಪೆಚ್ಚಾಗಿ ಬಾಗಿಲಲ್ಲೇ ನಿಂತ. ಹತ್ತು ವರ್ಷದಿಂದ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದ ನಾನೇ ಚಹಾ ತಂದು ಕೈಗಿತ್ತೆ.

"ಕಿವಿ ಕೆಳಗೆ ಯಾವಾಗಲೂ ಹೀಗೇ ಬಿಡ್ತಿರಪ್ಪ," ಎಂದೆ. "ನಿನ್ನ ಹೊಟ್ಟೆ ತಣ್ಣಗಿರಲಿ."