ಕೆಂಪು ದೀಪದ ಮೇಲಿನ ಮಾಲೆ

ಭತ್ತದ ಸುಗ್ಗಿ ಮುಗಿದು, ಗದ್ದೆಗಳಲ್ಲಿ ಬೆಳ್ಳುಳ್ಳಿ ಊರುವ ಕಾಲ. ಬಿಸಿಲೇರಿದ್ದರೂ ಕಣಿವೆಯ ಮಂಜು ಇನ್ನೂ ಹರಿದಿರಲಿಲ್ಲ. ಊರಿಗೆ ಊರೇ ಬೆನ್ನು ಬಗ್ಗಿಸಿ ಪಾತಿಗಳ ಮೇಲೆ ಹುಲ್ಲು ಹೊದಿಸುತ್ತಿತ್ತು. ಬುವಾಲೈ ಮಾತ್ರ ತನ್ನ ಪಾತಿಯನ್ನು ಅರ್ಧಕ್ಕೇ ಬಿಟ್ಟು, ಕೈಯ ಕೆಸರನ್ನು ಕಾಲುವೆಯಲ್ಲಿ ತೊಳೆದು, ಗಂಡ ಇಂಕೇವನನ್ನು ಪಿಕಪ್ಪಿಗೆ ಹತ್ತಿಸುತ್ತಿದ್ದಳು.

ಇಂಕೇವ್ ಒಂದು ಕಾಲೆತ್ತಿ ಹಾಗೇ ನಿಂತ. ಬಾತ ಪಾದಕ್ಕೆ ಚಪ್ಪಲಿ ಹಿಡಿಯದೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದ.

"ಪಾತಿ ಅರ್ಧಕ್ಕೆ ಬಿಟ್ಟೆಯಲ್ಲೇ."

"ಬೆಳ್ಳುಳ್ಳಿಗೆ ನಾಳೆ ಹೊದಿಸ್ತೀನಿ. ನಿನಗೆ ಬಿಳೀ ಬಟ್ಟೆ ಹೊದಿಸೋ ಹಾಗೆ ಮಾಡ್ಬೇಡ, ಹತ್ತು."

ಮೂತ್ರಪಿಂಡ ಕೈಬಿಟ್ಟ ಮೇಲೆ ಅವನ ಮೈಯ ನೀರನ್ನು ಪೇಟೆಯ ಆಸ್ಪತ್ರೆಯ ಯಂತ್ರವೇ ಎಳೆಯಬೇಕಿತ್ತು. ಹಿಂದಿನ ಸರದಿಯನ್ನು, ಬಿತ್ತನೆ ಕೊಳೆಯುತ್ತದೆ ಎಂದು ಹಟ ಮಾಡಿ ತಪ್ಪಿಸಿಕೊಂಡಿದ್ದ. ಈಗ ಮಲಗಲಾಗದೆ ಗೋಡೆಗೊರಗಿ ಕೂತೇ ಉಸಿರೆಳೆಯುತ್ತಿದ್ದ. ಇವತ್ತಿನ ಸರದಿಯೂ ತಪ್ಪಿದರೆ ನೀರು ಎದೆಗೇರುತ್ತದೆ, ಆಮೇಲೆ ಕರೆದುಕೊಂಡು ಹೋಗಿ ಉಪಯೋಗವಿಲ್ಲ ಎಂದು ಊರಿನ ನರ್ಸು ನೇರವಾಗಿಯೇ ಹೇಳಿದ್ದಳು. ಅವಳ ಆರೋಗ್ಯ ಕೇಂದ್ರದ ಗಾಡಿ ಬೆಳಗ್ಗೆಯೇ ಹೆರಿಗೆಯವಳನ್ನು ಕೂರಿಸಿಕೊಂಡು ಹೋಗಿತ್ತು.

ಹಿಂದಿನ ಸೀಟಿನಲ್ಲಿ ಅತ್ತೆ ತಿಪ್, ನೀರು ತುಂಬಿದ ಬಾಟಲಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ವಿಹಾರದ ಹಿರಿಯ ಭಿಕ್ಷು ಮಂತ್ರಿಸಿ ಕೊಟ್ಟ ನೀರು ಅದು.

ಬುವಾಲೈ ಗಾಡಿಯನ್ನು ಕಾಯುವ ದೇವತೆ ಗಾಡಿಯಮ್ಮನಿಗೆ ಕೈಮುಗಿದು ಕೀಲಿ ತಿರುಗಿಸಿದಳು. ಅವಳಿಗೆಂದು ಕನ್ನಡಿಗೆ ತೂಗುಹಾಕಬೇಕಾದ ಮಲ್ಲಿಗೆ ಮಾಲೆ ಸುಗ್ಗಿ ಶುರುವಾದಾಗಿನಿಂದ ಸ್ಟೇರಿಂಗಿನ ಹಿಂದೆ, ಮೀಟರಿನ ಮೂಲೆಗೆ ಅಡ್ಡವಾಗಿ ತೂಗುತ್ತಿತ್ತು. ಅದರ ಹಿಂದೆ ಬ್ರೇಕಿನ ಕೆಂಪು ದೀಪ. ಅದು ಮೊದಲ ಸಲ ಹತ್ತಿದ ದಿನ ಅವಳು ಗಂಡನಿಗೆ ಹೇಳಲಿಲ್ಲ. ಆಸ್ಪತ್ರೆ ತಪ್ಪಿಸಲು ನೆಪ ಹುಡುಕುತ್ತಿದ್ದವನು, 'ಬ್ರೇಕ್ ಸರಿಯಿಲ್ಲ, ಇನ್ನು ಘಾಟಿ ಇಳಿಯೋದು ಬೇಡ' ಎಂದು ಚಾಪೆ ಹಾಸಿಬಿಡುತ್ತಿದ್ದ. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಎಣ್ಣೆ ಗೆರೆಗಿಂತ ಕೆಳಗಿತ್ತು. "ಗಾಡಿಗೂ ಒಳ್ಳೇದು ಅಂತ ಸ್ವಾಮಿಗಳೇ ಹೇಳಿದ್ದಾರೆ, ಒಂದು ತೊಟ್ಟು ಹಾಕು" ಎಂದು ಅತ್ತೆ ಬಾಟಲಿ ಚಾಚಿದ್ದಳು. ಸ್ವಾಮಿಗಳು ಹೇಳಿದ್ದು ಗಾಡಿಯ ಮೇಲೆ ಚಿಮುಕಿಸಲು. ಇಬ್ಬರೂ ಸೇರಿ ಡಬ್ಬಿಗೇ ಸುರಿದರು. ದೀಪ ಆರಿತು! ಅಂಗಳದಲ್ಲಿ ನಿಂತು ಇಬ್ಬರೂ ಕೈಮುಗಿದಿದ್ದರು. ಅಂದಿನಿಂದ ಹತ್ತಿದಾಗಲೆಲ್ಲ ಅದೇ ಮದ್ದು. ತಿರುವಿನಲ್ಲಿ ಮಿಣುಕಿದರೆ ಗಂಡನ ಕಣ್ಣಿಗೆ ಬೀಳದಿರಲಿ ಎಂದು ಮಾಲೆ.

ಕಣಿವೆ ದಾಟಿ ಏರು ಮುಗಿಯುವವರೆಗೂ ಎಲ್ಲ ನೆಟ್ಟಗಿತ್ತು. ಇಂಕೇವ್ ಕಿಟಕಿಗೆ ತಲೆಯಾನಿಸಿ, ಬಾಯಾರಿಕೆಗೆ ನಿಂಬೆಹಣ್ಣಿನ ಹೋಳು ಚೀಪುತ್ತಿದ್ದ. ಇಳಿಜಾರು ಶುರುವಾಗಿ ತಿರುವಿನ ಮೇಲೆ ತಿರುವು ಬಂದಂತೆ ಬುವಾಲೈಯ ಕಾಲು ಬ್ರೇಕಿನ ಮೇಲೇ ಇತ್ತು. ಎಲ್ಲೋ ಸುಟ್ಟ ವಾಸನೆ. ದೊಡ್ಡ ಬಿದಿರು ಮೆಳೆಯ ತಿರುವಿನಲ್ಲಿ ಪೆಡಲ್ ಹಸಿ ಮಣ್ಣು ತುಳಿದಂತೆ ಮೆತ್ತಗಾಗಿ, ಸೀದಾ ತಳಕ್ಕಿಳಿಯಿತು.

"ಹಿಡೀತಿಲ್ಲ!"

ಇಂಕೇವ್ ಎದ್ದು ಕೂತ. "ಕ್ಲಚ್ ಒತ್ತು. ಎರಡಕ್ಕೆ ಹಾಕು... ಬಿಡು ಈಗ. ಅಳಬೇಡ, ರಸ್ತೆ ನೋಡು." ಇಂಜಿನ್ ಅರಚಿತು. ಅವನೇ ನಡುವಿನ ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದ. "ಒಂದಕ್ಕೆ. ಅಲ್ಲಿ ಗುಡ್ಡ ಕುಸಿದ ಮಣ್ಣು ಗುಡ್ಡೆ ಹಾಕಿದಾರಲ್ಲ, ಅದಕ್ಕೇ ಏರಿಸು."

ಪಿಕಪ್ ಮಣ್ಣಿಗೆ ಮೂತಿ ಹೂತು ನಿಂತಿತು. ಆಚೆ ಬದಿಯಲ್ಲಿ ಬರೀ ಮಂಜು.

ಎಳೆದ ಹ್ಯಾಂಡ್ ಬ್ರೇಕಿಗೆ ದೀಪ ಹತ್ತಿ, ಒಣಗಿದ ಮಲ್ಲಿಗೆಯ ಸಂದಿಯಿಂದ ಕೆಂಪಗೆ ಕಾಣುತ್ತಿತ್ತು. ಇಂಕೇವ್ ಬೆರಳಿಂದ ಮಾಲೆ ಸರಿಸಿದ.

"ಇದು ಯಾವಾಗಿಂದ?"

"ಈಗ ಹ್ಯಾಂಡ್ ಬ್ರೇಕ್ ಎಳೆದೆಯಲ್ಲ, ಅದಕ್ಕೆ..."

"ಮಾಲೆ ಇಲ್ಲಿಗೆ ಯಾವಾಗ ಬಂತು ಅಂತ ಕೇಳಿದ್ದು."

ಅವಳು ಹೇಳಿದಳು. ಹೇಳಿ ಮುಗಿಯುವ ಮೊದಲೇ ಹಿಂದಿನಿಂದ ಅತ್ತೆ, "ಸುರಿದದ್ದು ನಾನು" ಎಂದಳು. "ಇಲ್ಲ, ನಾನು" ಎಂದಳು ಬುವಾಲೈ.

"ಇಬ್ಬರೂ ಪುಣ್ಯ ಹಂಚ್ಕೊಳ್ಳಿ" ಎಂದ ಇಂಕೇವ್. ನಗಲು ಹೋಗಿ ಕೆಮ್ಮಿದ. ಉಸಿರು ಮರಳಲು ಹೊತ್ತು ಹಿಡಿಯಿತು. "ಡಬ್ಬೀಲೊಂದು ಬುರುಡೆ ಇರುತ್ತೆ ಕಣೇ. ಅದು ತೇಲಿದ್ರೆ ದೀಪ ಆರುತ್ತೆ. ತೇಲಿಸ್ತಿರೋದು ಎಣ್ಣೆಯೋ ನೀರೋ ಅದಕ್ಕೇನು ಗೊತ್ತು? ಪ್ಯಾಡ್ ಸವೆದು ಎಣ್ಣೆ ಇಳಿದಿದೆ. ಅದು ಕೂಗಿ ಹೇಳ್ತಿತ್ತು, ನೀವು ಬಾಯಿ ಮುಚ್ಚಿಸಿದ್ರಿ. ಬಿಸಿಗೆ ಒಳಗಿನ ನೀರು ಕುದ್ದು ಹಬೆಯಾಗಿದೆ. ಹಬೆ ಒತ್ತಿದ್ರೆ ಗಾಲಿ ನಿಲ್ಲುತ್ತಾ?"

ಫೋನಿಗೆ ಸಿಗ್ನಲ್ ಇರಲಿಲ್ಲ. ಮೇಲಿನಿಂದ ಬಂದ ಪ್ರವಾಸಿಗರ ಕಾರೊಂದು ನಿಧಾನಿಸಿ, ಬುವಾಲೈ ಕೈಯೆತ್ತಿ ಓಡುವಷ್ಟರಲ್ಲಿ ತಿರುವಿನಲ್ಲಿ ಮರೆಯಾಯಿತು. ಇಂಕೇವನ ತುಟಿ ನೀಲಿಗಟ್ಟುತ್ತಿತ್ತು. ಅವಳು ರಸ್ತೆಯ ನಡುವೆಯೇ ನಿಂತುಬಿಟ್ಟಳು.

ಕೆಳಗಿನಿಂದ ಬಂದದ್ದು ಒಂದು ಬೈಕು. ಎರಡೂ ಬದಿಗೆ ಬುಟ್ಟಿ, ಮೇಲೊಬ್ಬ ಗಂಡಸು, ಬೆಟ್ಟದ ಮೊಂಗ್ ಜನದವನು.

"ಏನಕ್ಕಾ, ಬೆಳ್ಳುಳ್ಳಿ ಜನಕ್ಕೆ ಗದ್ದೆ ಸಾಲದೆ ರಸ್ತೇಲೂ ಊರ್ತೀರಾ?" ಎಂದವನು ಒಳಗಿದ್ದ ಮುಖ ಕಂಡು ನಗು ನುಂಗಿದ. ಹೆಸರು ಯೆಂಗ್ ಅಂತೆ. "ಹಿಂದೆ ಕೂರ್ಲಿ, ಇಳಿಸ್ತೀನಿ." ಇಂಕೇವನನ್ನು ಇಬ್ಬರೂ ಎತ್ತಿ ಕೂರಿಸಿದರು. ಅವನು ಯೆಂಗ್‌ನ ಬೆನ್ನು ಹಿಡಿದುಕೊಳ್ಳಲಾರದೆ ಪಕ್ಕಕ್ಕೆ ವಾಲಿದ. ಮತ್ತೆ ಇಳಿಸಬೇಕಾಯಿತು. ಆಗಲೇ ಇಂಕೇವನ ಕಣ್ಣು ಬುಟ್ಟಿಯೊಳಗಿನ ಬಾಟಲಿಯ ಮೇಲೆ ಬಿದ್ದದ್ದು.

"ಬ್ರೇಕ್ ಆಯಿಲಾ?"

"ನಮ್ಮ ಕೋಸಿನ ಗಾಡಿಗೆ ತಂದದ್ದು. ನಾಳೆ ಲೋಡು..." ಯೆಂಗ್ ಮಾತು ನಿಲ್ಲಿಸಿ, ಬಾಟಲಿಯ ಸೀಲನ್ನು ಹಲ್ಲಿನಿಂದ ಕಿತ್ತ.

ಅತ್ತೆ ತಲೆಯ ವಸ್ತ್ರ ಬಿಚ್ಚಿ ಕೊಟ್ಟಳು. ಅದನ್ನು ಡಬ್ಬಿಗೆ ಅದ್ದಿ ಹಿಂಡಿ ಹಿಂಡಿ ಯೆಂಗ್ ಒಳಗಿದ್ದುದನ್ನೆಲ್ಲ ತೆಗೆದು ಹೊಸ ಎಣ್ಣೆ ಸುರಿದ. ಬುವಾಲೈ ಗಾಡಿಯ ಸ್ಪ್ಯಾನರ್ ಹಿಡಿದು ಮುಂದಿನ ಗಾಲಿಯ ಹಿಂದೆ ಅಂಗಾತ ಮಲಗಿ, ಬ್ರೇಕಿನ ಕೊಳವೆಯಲ್ಲಿ ಸಿಕ್ಕಿದ್ದನ್ನು ಹೊರಬಿಡುವ ತಿರುಪಿಗೆ ಅದನ್ನು ಕಚ್ಚಿಸಿದಳು. ಇಂಕೇವ್ ಡ್ರೈವರ್ ಸೀಟಿನಲ್ಲಿ ಕೂತು, ಬಟ್ಟೆ ಸುತ್ತಿದ ಬಾತ ಕಾಲನ್ನು ಎರಡೂ ಕೈಯಿಂದೆತ್ತಿ ಪೆಡಲ್ ಮೇಲಿಟ್ಟುಕೊಂಡ.

"ತುಳಿದೆ. ಸಡಿಲಿಸು."

ಸ್ಪ್ಯಾನರ್ ತಿರುಗಿತು. ನೊರೆ ನೊರೆ ಬಿಸಿ ನೀರು ಅವಳ ಮೊಣಕೈಗೆ ಚಿಮ್ಮಿತು.

"ಬಿಗಿ ಮಾಡು. ಬಿಟ್ಟೆ... ತುಳಿದೆ. ಸಡಿಲಿಸು."

ಒಂದೊಂದು ತುಳಿತಕ್ಕೂ ಅವನ ಉಸಿರು ಕೆಳಗೆ ಅವಳಿಗೆ ಕೇಳಿಸುತ್ತಿತ್ತು. ನಡುವೆ ಒಮ್ಮೆ ಏನೂ ಕೇಳಿಸಲಿಲ್ಲ. "ಇದೀಯಾ?" ಎಂದು ಚೀರಿದಳು. ಸ್ವಲ್ಪ ತಡೆದು, "ಎಲ್ಲಿಗೆ ಹೋಗ್ಲಿ, ಬ್ರೇಕಿಲ್ಲ" ಎಂದಿತು ಮೇಲಿನ ದನಿ. ಅವಳು ಗಾಲಿಗೆ ಹಣೆಯೊತ್ತಿ ಅತ್ತಳು. ಕೈ ಮಾತ್ರ ಸ್ಪ್ಯಾನರ್ ಬಿಡಲಿಲ್ಲ. ಆಚೆ ಗಾಲಿಯಲ್ಲೂ ನೊರೆ ನಿಂತು ತಿಳಿ ಎಣ್ಣೆ ಬರುವ ಹೊತ್ತಿಗೆ ಯೆಂಗ್‌ನ ಬಾಟಲಿ ಬರಿದಾಗಿತ್ತು. ಪೆಡಲ್ ಗಟ್ಟಿಯಾಗಿತ್ತು. ಡಬ್ಬಿಯಲ್ಲಿ ಎಣ್ಣೆ ಮಾತ್ರ ಗೆರೆ ಮುಟ್ಟಿರಲಿಲ್ಲ.

"ನಿನ್ನ ಆಯಿಲ್..." ಎಂದಳು ಬುವಾಲೈ.

"ಮೊದಲು ಹೋಗಕ್ಕಾ. ಈ ರಸ್ತೆ ಬಿಟ್ಟು ಎಲ್ಲಿಗೆ ಹೋಗ್ತೀಯ, ಸಿಗ್ತೀಯ." ಅವನು ಪಿಕಪ್ಪನ್ನು ಮಣ್ಣಿನಿಂದ ಹಿಂದಕ್ಕೆ ತಳ್ಳಿಕೊಟ್ಟು ಬೈಕು ಹತ್ತಿದ.

ಅವಳು ಹ್ಯಾಂಡ್ ಬ್ರೇಕ್ ಇಳಿಸಿದಳು. ದೀಪ ಆರಲಿಲ್ಲ. ಅವಳ ಕೈ ಅಭ್ಯಾಸದಿಂದ ಮಾಲೆಯ ಕಡೆಗೆ ಹೋಯಿತು. ಇಂಕೇವ್ ಮಾಲೆಯನ್ನು ಬಿಡಿಸಿ ಕನ್ನಡಿಗೆ ಹಾಕಿದ.

"ಉರೀಲಿ. ಒಂದನೇ ಗೇರು ಬಿಡಬೇಡ."

ಪಿಕಪ್ ತೆವಳುತ್ತ ಇಳಿಯಿತು. ಒಂದೊಂದು ತಿರುವಿಗೂ ಅವಳು ದೀಪ ನೋಡುವಳು, ಗಂಡನ ಎದೆ ಏಳುತ್ತದೆಯೇ ಎಂದು ನೋಡುವಳು, ಮತ್ತೆ ರಸ್ತೆ. ಕೊನೆಯ ತಿರುವುಗಳಲ್ಲಿ ಅವನು ಗೇರು ಹೇಳುವುದನ್ನು ನಿಲ್ಲಿಸಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸು, "ಹೋದ ಸರದಿ ಎಲ್ಲಿ ಹೋಗಿದ್ರಿ? ಊರುಗೋಲು ಹಿಡಿದೋರೂ ಬರ್ತಾರೆ!" ಎಂದು ಬೈಯುತ್ತಲೇ ಗಾಲಿಕುರ್ಚಿಯನ್ನು ಓಡಿಸಿಕೊಂಡು ಒಳಗೆ ಹೋದಳು. ಯಂತ್ರದ ಪಕ್ಕದ ಮಂಚ ಖಾಲಿಯಿತ್ತು. ಗಾಜಿನಾಚೆ ಅವನ ತೋಳಿಗೆ ಕೊಳವೆ ಸೇರಿಸುವುದನ್ನು ನೋಡಿದ ಮೇಲೆ ಬುವಾಲೈ ಹೊರಗೆ ಬಂದು ಪಿಕಪ್ಪಿನ ಹಿಂದಿನ ಹಲಗೆಯ ಮೇಲೆ ಅತ್ತೆಯ ಪಕ್ಕ ಕೂತಳು. ಯೆಂಗ್‌ನ ಬರಿದಾದ ಬಾಟಲಿ ಅವಳ ಕೈಯಲ್ಲಿತ್ತು.

"ಆ ತಮ್ಮಂದು ಯಾವ ಊರಂತೆ?" ಎಂದಳು ಅತ್ತೆ.

"ಕೇಳ್ಲಿಲ್ಲ ಅವ್ವ."

ಮುದುಕಿ ತನ್ನ ಮಡಿಲಿನ ಬಾಟಲಿಯ ಮುಚ್ಚಳ ತೆಗೆದಳು. ಗೋಡೆ ಬದಿಯ ಹಲಸಿನ ಗಿಡದ ಬುಡಕ್ಕೆ ಹೋಗಿ ಕುಕ್ಕುರುಗಾಲಲ್ಲಿ ಕೂತು, ವಿಹಾರದಲ್ಲಿ ಪುಣ್ಯವನ್ನು ಇನ್ನೊಬ್ಬರಿಗೆ ಧಾರೆಯೆರೆಯುವಾಗಿನಂತೆ ನೀರನ್ನು ಒಂದು ಎಳೆಯಾಗಿ ಬಿಟ್ಟಳು. ಸುರಿದಷ್ಟನ್ನೂ ಒಣ ನೆಲ ಸದ್ದಿಲ್ಲದೆ ಕುಡಿಯುತ್ತಿತ್ತು. ಬಾಟಲಿ ಮುಗಿಯುವವರೆಗೂ ಇಬ್ಬರೂ ಅದನ್ನೇ ನೋಡುತ್ತಿದ್ದರು.